ಮುಖವಿಲ್ಲದ ನಾಣ್ಯಗಳ ತಜ್ಞ

ಅಳತೆ-ತೂಕದ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ತಕ್ಕಡಿಗಳಿಗೆ ಮುದ್ರೆ ಒತ್ತಿದ ಮನುಷ್ಯನಿಗೆ ಒಂದು ಹವ್ಯಾಸ ಬೇಕು ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಆದರೆ ರಕ್ತದೊತ್ತಡ ನೋಡಿದ ಡಾಕ್ಟರು ಬರೆದುಬಿಟ್ಟರು. ಚೀಟಿಯಲ್ಲಿ ಎರಡು ಮಾತ್ರೆಗಳ ಕೆಳಗೆ, ‘ಊಟದ ನಂತರ’ ಎಂಬ ಸಾಲಿಗೆ ತಾಗಿಕೊಂಡೇ, ‘ಹವ್ಯಾಸ’ ಎಂದಿತ್ತು. ನಮ್ಮ ಕಥಾನಾಯಕರು ಚೀಟಿ ಹಿಡಿದು ನೇರ ಔಷಧದ ಅಂಗಡಿಗೆ ಹೋದರು. ಮೊದಲ ಎರಡು ಸಿಕ್ಕವು. ಮೂರನೆಯದು ನಮ್ಮಲ್ಲಿ ಬರೋದಿಲ್ಲ ಎಂದರು ಅಂಗಡಿಯವರು.

ಬೀದಿಯಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದು ‘ತೂಕದವರು’ ಎಂದು. ಅಂಗಡಿಯವರು ತರುವ ತೂಕದ ಬಟ್ಟುಗಳನ್ನು ಉಜ್ಜಿ, ತೂಗಿ, ಸರಿಯಿದ್ದರೆ ಮುದ್ರೆ ಒತ್ತುವುದು ಅವರ ಕೆಲಸ. ಕೊಳೆ ಹಿಡಿದ ಬಟ್ಟಿಗೆ ಮುದ್ರೆ ಇಲ್ಲ, ಕೊಳೆಗೂ ತೂಕವಿರುತ್ತದಲ್ಲ. ಅದಕ್ಕೆಂದೇ ಕಚೇರಿಯ ಹಿಂದಿನ ರೂಮಿನಲ್ಲಿ ಮೋಟರಿಗೆ ಸಿಕ್ಕಿಸಿದ ಬಟ್ಟೆಯ ಚಕ್ರವೊಂದಿತ್ತು. ಚಕ್ರಕ್ಕೆ ಕೆಂಪು ಪಾಲಿಶ್ ಮೆತ್ತಿ ಬಟ್ಟನ್ನು ಒಡ್ಡಿದರೆ ಹೊಸ ಹಿತ್ತಾಳೆ ಕಣ್ಣು ಬಿಡುತ್ತಿತ್ತು. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿ ಮಾಡಿ ಆ ನಿಯಮ ಅವರ ರಕ್ತಕ್ಕೇ ಇಳಿದಿತ್ತು. ಮನೆಯ ನಲ್ಲಿ, ಬಾಗಿಲ ಹಿಡಿ, ಕನ್ನಡಕದ ಕಡ್ಡಿ, ಹೊಳೆಯಬಹುದಾದದ್ದೆಲ್ಲ ಹೊಳೆಯಲೇಬೇಕಿತ್ತು.

ಹವ್ಯಾಸವೆಂದು ಅವರು ಹಿಡಿದದ್ದು ಹಳೆಯ ನಾಣ್ಯ ಕೂಡಿಡುವುದನ್ನು. ಕಾರಣ ಸರಳ: ಮನೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಖಾಲಿಯಿತ್ತು. ಎರಡು ವರ್ಷದಲ್ಲಿ ಅರವತ್ತಮೂರು ನಾಣ್ಯ ಸೇರಿದವು. ಯಾವ ಕ್ರಮದಲ್ಲಿ ಕೂಡಿಸಿದಿರಿ ಎಂದು ಕೇಳಿದರೆ ‘ಸಿಕ್ಕಿದ್ದು’ ಎಂಬುದೇ ಕ್ರಮ. ಇಷ್ಟಕ್ಕೇ ಸುಮ್ಮನಿದ್ದಿದ್ದರೆ ರಕ್ತದೊತ್ತಡ ಇಳಿಯುತ್ತಿತ್ತು, ಈ ಕಥೆಯೂ ಇರುತ್ತಿರಲಿಲ್ಲ. ಆದರೆ ಅರವತ್ತನಾಲ್ಕನೆಯದು ಬರುವ ಮೊದಲೇ ತಾವೊಬ್ಬ ಸಂಗ್ರಾಹಕರು ಎಂಬ ಭಾವನೆ ಅವರ ತಲೆಗೆ ಏರಿತು. ಡಬ್ಬಿ ಕಂಕುಳಲ್ಲಿಟ್ಟುಕೊಂಡು ನಾಣ್ಯ ಸಂಗ್ರಾಹಕರ ಸಂಘಕ್ಕೆ ಹೋದರು.

ಸಂಘ ತಿಂಗಳಿಗೊಂದು ಭಾನುವಾರ, ಹೊಲಿಗೆ ತರಬೇತಿ ಶಾಲೆಯ ಮಹಡಿಯಲ್ಲಿ ಸೇರುತ್ತಿತ್ತು. ಒಬ್ಬೊಬ್ಬ ಸದಸ್ಯರೂ ಒಂದೊಂದು ಹೊಲಿಗೆ ಯಂತ್ರದ ಮುಂದೆ ಕೂತು, ಗಂಭೀರ ವಿಷಯ ಬಂದಾಗ ತಿಳಿಯದೇ ಪೆಡಲು ತುಳಿಯುತ್ತಿದ್ದರು. ಅಧ್ಯಕ್ಷರು ಹಲ್ಲಿನ ಡಾಕ್ಟರು. ಹೊಸಬರ ಕಡೆ ತಿರುಗಿ, “ಎಲ್ಲಿ, ಬಾಯಿ... ಅಲ್ಲ, ಡಬ್ಬಿ ತೆಗೀರಿ,” ಎಂದರು.

ಅದಕ್ಕೂ ಮೊದಲು ಉಳಿದವರ ಪರಿಚಯವಾಗಿತ್ತು. ಒಬ್ಬರು ಆನೆ ಇರುವ ನಾಣ್ಯ ಮಾತ್ರ ಸಂಗ್ರಹಿಸುವವರು. ಇನ್ನೊಬ್ಬರು ಸೀಸದ್ದು ಮಾತ್ರ. ಕಿಟಕಿಯ ಪಕ್ಕದ ನಿವೃತ್ತ ಪೋಸ್ಟ್ ಮಾಸ್ಟರು ಬರೀ ಒಂದೂವರೆ ವರ್ಷ ಆಳಿದ ಯಾವನೋ ರಾಜನ ಬೆನ್ನು ಬಿದ್ದಿದ್ದರು. ಇಪ್ಪತ್ತು ವರ್ಷದಲ್ಲಿ ಅವನ ಎರಡು ನಾಣ್ಯ ಸಿಕ್ಕಿದ್ದವು, ಅದರಲ್ಲೊಂದು ಅವನ ಅಣ್ಣನದು ಎಂಬ ತಕರಾರಿತ್ತು.

“ನಿಮ್ಮ ವಿಭಾಗ ಯಾವುದು?” ಎಂದರು ಹಲ್ಲಿನ ಡಾಕ್ಟರು.

“ಹಳೇದು,” ಎಂದರು ತೂಕದವರು.

“ಹಳೇದು ಅಂದ್ರೆ?”

“ತುಂಬಾ ಹಳೇದು.”

ಡಾಕ್ಟರು ಚಿಮಟದಿಂದ ಡಬ್ಬಿಯನ್ನು ಅತ್ತಿತ್ತ ಕೆದಕಿ ನಿಟ್ಟುಸಿರು ಬಿಟ್ಟರು. “ನೋಡಿ, ಇದು ಸಂಗ್ರಹ ಅಲ್ಲ, ಜನಸಂದಣಿ. ಎಲ್ಲಾ ಹಲ್ಲಿಗೂ ಒಂದೇ ದಿನ ಕೈ ಹಾಕೋಕಾಗುತ್ತಾ? ಒಂದು ಹಲ್ಲು ಹಿಡೀಬೇಕು, ಅದರ ಬೇರಿನ ತನಕ ಹೋಗ್ಬೇಕು. ಒಬ್ಬ ರಾಜನೋ, ಒಂದು ಲೋಹವೋ, ಒಂದು ಪ್ರಾಣಿಯೋ, ಏನಾದ್ರೂ ಒಂದು. ಅರ್ಜಿಯಲ್ಲಿ ಏಳನೇ ಕಾಲಂ ಇದೆ, ಮುಂದಿನ ತಿಂಗಳು ತುಂಬಿಕೊಂಡು ಬನ್ನಿ. ಜೊತೆಗೆ ಒಂದು ಮಾದರಿ ನಾಣ್ಯ ತನ್ನಿ.”

ಏಳನೇ ಕಾಲಂ ತೂಕದವರ ಊಟ ನಿದ್ದೆ ಕೆಡಿಸಿತು. ಊಟದ ಮೇಜಿನ ಮೇಲೆ ಅರವತ್ತಮೂರನ್ನೂ ಹರಡಿದರು. ಆನೆ ಹಿಡಿಯೋಣವೆಂದರೆ ಎರಡೇ ಆನೆ. ಒಂದನ್ನು ತಿರುಗಿಸಿ ನೋಡಿದಾಗ ಅದು ಮರವಾಗಿತ್ತು. ರಾಜರನ್ನು ಹಿಡಿಯೋಣವೆಂದರೆ ನಲವತ್ತೊಂದು ಜನ ರಾಜರು, ಒಬ್ಬರಿಗೊಬ್ಬರು ಸಂಬಂಧವಿಲ್ಲ. ಕೊನೆಗೆ ತಮಗೆ ಬರುವ ವಿದ್ಯೆಯನ್ನೇ ನಂಬಿ ಹಗುರದಿಂದ ಭಾರಕ್ಕೆ ಸಾಲಾಗಿ ಜೋಡಿಸಿ, ‘ತೂಕದ ಪ್ರಕಾರ’ ಎಂದು ಹೆಮ್ಮೆಪಟ್ಟರು. ಹೆಂಡತಿ ಬಂದು ನೋಡಿ, “ಹಾಗಾದ್ರೆ ಇದೂ ಸೇರಿಸಿಕೊಳ್ಳಿ,” ಎಂದು ಸಾಲಿನ ಕೊನೆಗೆ ಕುಕ್ಕರಿನ ವೆಯಿಟ್ ಇಟ್ಟು ಹೋದರು. ಆ ವಿಭಾಗ ಅಲ್ಲಿಗೆ ಮುಗಿಯಿತು.

ಇಷ್ಟರಲ್ಲಿ ಮಾವನವರು ಬಂದರು.

ಮಾವನವರು ಗಡಿಯಾರ ರಿಪೇರಿಯವರು. ನಲವತ್ತೈದು ವರ್ಷ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೂದಲೆಳೆಯಂಥ ಸ್ಪ್ರಿಂಗುಗಳ ಜೊತೆ ಬಾಳಿದವರು. ಎಂಥ ಗಡಿಯಾರ ಕೊಟ್ಟರೂ ಐದು ನಿಮಿಷದಲ್ಲಿ ದೋಷ ಹೇಳುತ್ತಿದ್ದರು. ಅಳಿಯನನ್ನು ಮಾತ್ರ ಹದಿನಾಲ್ಕು ವರ್ಷದಿಂದ ನೋಡುತ್ತಿದ್ದರೂ ಎಲ್ಲಿ ಕೆಟ್ಟಿದೆ ಎಂದು ಪತ್ತೆಯಾಗಿರಲಿಲ್ಲ. ಒಮ್ಮೆ ಗೋಡೆ ಗಡಿಯಾರಕ್ಕೆ ಕೀಲಿ ಕೊಡಲು ಹೇಳಿ, ಅರ್ಧ ಸುತ್ತು ತಿರುಗಿಸುವಷ್ಟರಲ್ಲಿ ಹಿಂದಿನಿಂದ ಬಂದು ಕೀಲಿ ಇಸಿದುಕೊಂಡಿದ್ದರು. ಆಮೇಲೆ ಏನನ್ನೂ ಕೊಟ್ಟಿರಲಿಲ್ಲ. ತೂಕದವರಿಗೆ ಆ ಅರ್ಧ ಸುತ್ತು ಇನ್ನೂ ಕೈಯಲ್ಲೇ ಉಳಿದಿತ್ತು.

ಅಂಥ ಮಾವ ಈ ಸಲ ಮೇಜಿನ ಮೇಲಿನ ನಾಣ್ಯಗಳನ್ನು ನೋಡಿದರು, ಏಳನೇ ಕಾಲಮ್ಮಿನ ಕಷ್ಟ ಕೇಳಿದರು, ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಮರುದಿನ ಮತ್ತೆ ಬಂದಾಗ ಅವರ ಕೈಯಲ್ಲಿ ಹತ್ತಿ ತುಂಬಿದ ಪುಟ್ಟ ವಾಚಿನ ಡಬ್ಬಿ ಇತ್ತು. ಅದರೊಳಗೆ ಕಪ್ಪಿಟ್ಟ ಒಂದು ಬೆಳ್ಳಿ ನಾಣ್ಯ.

“ನಮ್ಮ ಮುತ್ತಜ್ಜನ ಕಾಲದಿಂದ ಮನೇಲಿದೆ,” ಎಂದರು ಮಾವ. “ಈ ರಾಜನ ಮೂಗು ನೋಡಿ. ನಮ್ಮ ಮನೆತನದ್ದೇ.”

ತೂಕದವರು ನಾಣ್ಯ ನೋಡಿದರು, ಮಾವನನ್ನು ನೋಡಿದರು, ಬಾಗಿಲಲ್ಲಿ ನಿಂತ ಹೆಂಡತಿಯನ್ನು ನೋಡಿದರು. ಮೂಗು ಮೂರು ಕಡೆಯೂ ಒಂದೇ.

“ಯಾರ ಕೈಗೆ ಕೊಡೋದು ಅಂತ ಇಷ್ಟು ದಿನ ಯೋಚಿಸ್ತಾ ಇದ್ದೆ. ನೋಡ್ರೀ, ನೀವು ಇವನನ್ನೇ ಹಿಡೀರಿ. ಈ ರಾಜನ ಬೆಳ್ಳಿ, ಅದೇ ನಿಮ್ಮ ವಿಭಾಗ. ಜೋಪಾನ.”

ತೂಕದವರು ಏನಾದರೂ ಹೇಳಬೇಕೆಂದು ಹೋಗಿ, ಬರುವಾಗ ಬಸ್ಸು ಸಿಕ್ಕಿತಾ ಎಂದು ಕೇಳಿದರು.

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಸಂಘದ ಸಭೆಗೆ ಎರಡು ದಿನವಿರುವಾಗ ತೂಕದವರು ನಾಣ್ಯವನ್ನು ಕಚೇರಿಗೆ ಒಯ್ದರು. ಇಷ್ಟು ದೊಡ್ಡ ಮನುಷ್ಯನನ್ನು ಇಂಥ ಕೊಳೆಯಲ್ಲಿ ನಾಲ್ಕು ಜನರ ಮುಂದೆ ನಿಲ್ಲಿಸುವುದು ಅವರಿಗೆ ಸರಿಕಾಣಲಿಲ್ಲ. ಮೊದಲು ತೂಗಿದರು: ಮೂರು ಗ್ರಾಂ ನಾನೂರ ಹತ್ತು ಮಿಲಿಗ್ರಾಂ. ಆಮೇಲೆ ಹಿಂದಿನ ರೂಮಿಗೆ ಹೋಗಿ, ಚಕ್ರಕ್ಕೆ ಕೆಂಪು ಪಾಲಿಶ್ ಮೆತ್ತಿ, ಸ್ವಿಚ್ಚು ಹಾಕಿದರು. ಕಾಲು ಕಿಲೋ ಬಟ್ಟಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು, ಅಂದರೆ ಸರಿಯಾಗಿ ಏಳು ನಿಮಿಷ, ಕಣ್ಣು ಗಡಿಯಾರದ ಮೇಲಿಟ್ಟು ಹಿಡಿದರು. ಕಣ್ಣು ನಾಣ್ಯದ ಮೇಲಿದ್ದಿದ್ದರೆ ಒಳ್ಳೆಯದಿತ್ತು.

ಚಕ್ರ ನಿಂತಾಗ ನಾಣ್ಯ ಫಳಫಳ ಹೊಳೆಯುತ್ತಿತ್ತು. ಅದರಲ್ಲಿ ಒಂದು ಮುಖವೂ ಕಾಣುತ್ತಿತ್ತು, ಅದು ತೂಕದವರದು. ರಾಜರು ಇರಲಿಲ್ಲ. ಮೂಗು ಎಲ್ಲಾದರೂ ಅಂಟಿಕೊಂಡಿದೆಯೇನೋ ಎಂದು ಅವರು ಬಟ್ಟೆಯ ಚಕ್ರವನ್ನೆಲ್ಲ ಹುಡುಕಿದರು. ಮತ್ತೆ ತೂಗಿದರು: ಮೂರು ಗ್ರಾಂ ನೂರ ಇಪ್ಪತ್ತು. ರಾಜರ ತೂಕ ಇನ್ನೂರ ತೊಂಬತ್ತು ಮಿಲಿಗ್ರಾಂ ಎಂದು ಹೀಗೆ ಲೋಕಕ್ಕೆ ಮೊದಲ ಬಾರಿಗೆ ತಿಳಿಯಿತು.

ಹೆಂಡತಿಗೆ ಮಾತ್ರ ಹೇಳಿದರು. ಹೆಂಡತಿ ನಾಣ್ಯವನ್ನು ಕೈಯಲ್ಲಿ ಹಿಡಿದು, ತಮ್ಮ ಮೂಗನ್ನೊಮ್ಮೆ ಮುಟ್ಟಿ ನೋಡಿಕೊಂಡು, “ಅಪ್ಪಂಗೆ ಹೇಳಿಬಿಡಿ,” ಎಂದರು.

“ಹೇಳ್ತೀನಿ.”

“ಯಾವಾಗ?”

“ಸಂದರ್ಭ ನೋಡಿಕೊಂಡು.”

ಸಂದರ್ಭ ಅಂದು ಸಂಜೆಯೇ ಫೋನಿನಲ್ಲಿ ಬಂತು. “ರಾಜರು ಹೇಗಿದ್ದಾರೆ?” ಎಂದು ಕೇಳಿದರು ಮಾವ. “ಹೊಳೀತಾ ಇದ್ದಾರೆ ಮಾವ,” ಎಂದರು ತೂಕದವರು. ಸುಳ್ಳೇನೂ ಹೇಳಲಿಲ್ಲವಲ್ಲ ಎಂದು ಆಮೇಲೆ ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಭಾನುವಾರ ಹಲ್ಲಿನ ಡಾಕ್ಟರು ಚಿಮಟದಲ್ಲಿ ನಾಣ್ಯ ಎತ್ತಿ, ಹಿಂದೆ ಮುಂದೆ ತಿರುಗಿಸಿದರು. ಪೆಡಲುಗಳೆಲ್ಲ ನಿಂತವು.

“ಮುಖ ಎಲ್ಲಿ?”

“ಸವೆದಿದೆ.”

“ಅದು ಕಾಣುತ್ತೆ. ಹೇಗೆ ಸವೀತು?”

ನಿಜ ಹೇಳಬೇಕೆಂದೇ ತೂಕದವರು ಬಾಯಿ ತೆರೆದರು, ದೇವರಾಣೆ. ಆದರೆ ಆ ಬಾಯಿಗೆ ಅದರದ್ದೇ ಯೋಚನೆಯಿತ್ತು. “ಜನ ಸವೆಸಿದ್ದು,” ಎಂದಿತು ಅದು. ಅಷ್ಟಕ್ಕೂ ನಿಲ್ಲಲಿಲ್ಲ. “ರಾಜರ ಮುಖ ಎಲ್ಲರೂ ಸಂಗ್ರಹಿಸ್ತಾರೆ ಸಾರ್. ಆ ಮುಖವನ್ನ ಮುಟ್ಟಿ ಮುಟ್ಟಿ ಅಳಿಸಿದ ಬೆರಳುಗಳನ್ನ ಯಾರು ಸಂಗ್ರಹಿಸ್ತಾರೆ? ನನ್ನ ವಿಭಾಗ ಅದು. ಮುಖವಿಲ್ಲದ ನಾಣ್ಯಗಳು.”

“ಇಷ್ಟೊಂದು ಹೊಳಪು?”

“ಅಷ್ಟೊಂದು ಕೈ.”

ಸೀಸದವರು ಕನ್ನಡಕ ತೆಗೆದು ಒರೆಸಿಕೊಂಡರು. ಹಲ್ಲಿನ ಡಾಕ್ಟರು ಎದ್ದು ಬಂದು ತೂಕದವರ ಕೈ ಹಿಡಿದು, “ಮೂವತ್ತು ವರ್ಷ ನಾವು ನಾಣ್ಯ ನೋಡಿದ್ವಿ, ಜನರನ್ನ ನೋಡಲಿಲ್ಲ,” ಎಂದರು. ಏಳನೇ ಕಾಲಮ್ಮನ್ನು ಅಧ್ಯಕ್ಷರೇ ಸ್ವಹಸ್ತದಿಂದ ತುಂಬಿದರು. ಮನೆಗೆ ಹೊರಡುವ ಮೊದಲು ಒಬ್ಬೊಬ್ಬರೂ ತಮ್ಮಲ್ಲಿದ್ದ, ಯಾರಿಗೂ ಬೇಡವಾದ ಸವಕಲು ನಾಣ್ಯಗಳನ್ನು ತಂದು ಅವರ ಡಬ್ಬಿಗೆ ಸುರಿದರು. ತಿಪ್ಪೆಗೂ ಒಂದು ವಿಭಾಗದ ಹೆಸರು ಸಿಕ್ಕಿದರೆ ಎಷ್ಟು ಜನಕ್ಕೆ ಅನುಕೂಲ ನೋಡಿ.

ಸುದ್ದಿ ಬೀದಿಗೆ ಬರಲು ಹೆಚ್ಚು ದಿನ ಹಿಡಿಯಲಿಲ್ಲ. ಮಹಡಿ ಮನೆಯ ಟೀಚರಮ್ಮ ಅಕ್ಷರ ಅಳಿಸಿಹೋದ ತಮ್ಮ ಓಟದ ಪದಕ ತಂದುಕೊಟ್ಟರು. ಅದರ ಹಿಂದೆ ಗುಂಡಿ, ಬೀಗದ ಕೈ, ನಲ್ಲಿಯ ವಾಷರು ಎಲ್ಲ ಬಂದವು. ಮೂಲೆ ಅಂಗಡಿಯವರು ಮೂರು ತಲೆಮಾರಿನ ಕೈ ಸವೆಸಿದ ಒಂದು ಕಿಲೋ ಬಟ್ಟನ್ನೇ ಹೊತ್ತು ತಂದರು. “ನಮ್ಮಜ್ಜನ ಬೆರಳೂ ಇದರಲ್ಲಿದೆ,” ಎಂದರು ಭಾವುಕರಾಗಿ. ತೂಕದವರೂ ಭಾವುಕರಾಗಿ ಅದನ್ನು ಅಭ್ಯಾಸಬಲದಿಂದ ತಕ್ಕಡಿಗೆ ಇಟ್ಟರು. ಹನ್ನೊಂದು ಗ್ರಾಂ ಕಡಿಮೆ ಬಂತು. ಅಜ್ಜನ ಬೆರಳನ್ನು ಅಲ್ಲೇ ಜಪ್ತಿ ಮಾಡಿ ನೋಟೀಸು ಬರೆದುಕೊಡಬೇಕಾಯಿತು. ಅಂಗಡಿಯವರು ಆಮೇಲೆ ಮಾತು ಬಿಟ್ಟರು.

ಕಚೇರಿಯ ಸಾಹೇಬರು ಮಾತ್ರ ಉಬ್ಬಿಹೋದರು. “ಏನ್ರೀ, ನಮ್ಮ ಇಲಾಖೆಯಲ್ಲೂ ಒಬ್ಬ ವಿದ್ವಾಂಸ ಇದ್ದಾನೆ ಅಂತ ಪಕ್ಕದ ಇಲಾಖೆಯವರಿಗೆ ಗೊತ್ತಾಗಬೇಕು,” ಎಂದು, ಕಚೇರಿಯ ಹಾಲಿನಲ್ಲೇ ಒಂದು ಪ್ರದರ್ಶನ, ಜೊತೆಗೆ ಒಂದು ಉಪನ್ಯಾಸ ಗೊತ್ತುಮಾಡಿದರು. ಪತ್ರಿಕೆಯವರು ಬಂದು ಬರೆದುಕೊಂಡು ಹೋದರು. ಫೋಟೋದಲ್ಲಿ ತೂಕದವರ ಮುಖಕ್ಕೆ ಮಸಿ ಹರಡಿ ಯಾರೆಂದೇ ತಿಳಿಯುತ್ತಿರಲಿಲ್ಲ, ವಿಷಯಕ್ಕೆ ಅದು ಚೆನ್ನಾಗಿ ಒಪ್ಪುತ್ತಿತ್ತು.

ಪತ್ರಿಕೆ ಮಾವನವರ ಮನೆಗೂ ಬರುತ್ತಿತ್ತು.

“ನೋಡ್ರೀ, ಮುಖವಿಲ್ಲದ ನಾಣ್ಯ ಅಂತ ಹಾಕಿದಾರಲ್ಲ. ನಮ್ಮ ರಾಜನ ಕಥೆ ಏನು?”

“ಅವರೂ ಪ್ರದರ್ಶನದಲ್ಲಿದ್ದಾರೆ ಮಾವ. ಮೊದಲನೇ ಸ್ಥಾನ.”

“ಭಾನುವಾರ ಬರ್ತೀನಿ,” ಎಂದರು ಮಾವ, ಮತ್ತು ಫೋನಿಡುವ ಮೊದಲು, ಹದಿನಾಲ್ಕು ವರ್ಷದಲ್ಲಿ ಹೇಳದ ಒಂದು ಮಾತು ಹೇಳಿದರು: “ಸಂತೋಷ ಆಯ್ತು.”

ಆ ಎರಡು ಪದ ತೂಕದವರನ್ನು ನಾಲ್ಕು ದಿನ ಕೊಂದವು. ಈಗ ಹೇಳಿದರೆ ಆ ಸಂತೋಷ ಹೋಗುತ್ತದೆ. ಹೇಳದಿದ್ದರೆ ಭಾನುವಾರ ಮಾವನ ಜೊತೆ ಆ ಭೂತಗನ್ನಡಿಯೂ ಬರುತ್ತದೆ. ಹೊಟ್ಟೆನೋವು ಎಂದು ಮಲಗಿಬಿಡುವ ಯೋಚನೆ ಬಂತು. ಹೆಂಡತಿ, “ಮಲಗಿ. ಅಪ್ಪ ಪ್ರದರ್ಶನ ನೋಡಿಕೊಂಡು ಆಮೇಲೆ ನಿಮ್ಮನ್ನ ನೋಡೋಕೆ ಬರ್ತಾರೆ,” ಎಂದರು. ಅವರು ಎದ್ದು ಅಂಗಿಗೆ ಇಸ್ತ್ರಿ ಹಾಕಿಕೊಂಡರು.

ಕಚೇರಿಯ ಹಾಲಿನಲ್ಲಿ ಬೇಕರಿಯಿಂದ ಎರವಲು ತಂದ ಗಾಜಿನ ಪೆಟ್ಟಿಗೆಗಳು. ನಾಣ್ಯಗಳಿಗೆ ಬನ್ನಿನ ವಾಸನೆ ಹತ್ತಿತ್ತು. ಪ್ರತಿಯೊಂದರ ಮುಂದೂ ಸಂಘದ ಪದ್ಧತಿಯಂತೆ ಒಂದು ಕಾರ್ಡು: ಲೋಹ, ತೂಕ, ಕಾಲ, ಸವೆಸಿದವರು. ಮೊದಲ ಕಾರ್ಡಿನಲ್ಲಿ ‘ಕಾಲ: ಎರಡು ಸಾವಿರ ವರ್ಷ. ಸವೆಸಿದವರು: ಪ್ರಜೆಗಳು’ ಎಂದಿತ್ತು. ಮಾವನವರು ಇಸ್ತ್ರಿ ಮಾಡಿದ ಕೋಟಿನಲ್ಲಿ ಬಂದರು. ಪೆಟ್ಟಿಗೆಗಳ ಕಡೆ ಹೋಗುವಷ್ಟರಲ್ಲಿ ಸಾಹೇಬರು ಅವರನ್ನು ಹಿಡಿದು ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಉಪನ್ಯಾಸ ಮೊದಲು, ನೋಡುವುದು ಆಮೇಲೆ.

ತೂಕದವರು ಮೈಕಿನ ಮುಂದೆ ನಿಂತರು. ಬರೆದುಕೊಂಡು ತಂದ ಹನ್ನೆರಡು ಹಾಳೆ ಕೈಯಲ್ಲಿತ್ತು. ಕೆಳಗೆ ನೋಡಿದರೆ ಮಾವನವರು ತಲೆ ಎತ್ತಿ ಅವರನ್ನೇ ನೋಡುತ್ತಿದ್ದರು. ದೋಷ ಹುಡುಕುವ ನೋಟ ಅದಲ್ಲ. ಪಕ್ಕದವರಿಗೆ ಏನೋ ಹೇಳಿ ವೇದಿಕೆಯ ಕಡೆ ಬೆರಳು ತೋರಿಸಿದರು. ತೂಕದವರಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಹಾಳೆಗಳನ್ನು ಮಡಚಿ ಜೇಬಿಗಿಟ್ಟರು.

“ಆ ಮೊದಲನೇ ನಾಣ್ಯ,” ಎಂದರು, “ಜನ ಸವೆಸಿದ್ದಲ್ಲ. ಸವೆಸಿದ್ದು ನಾನೇ.”

ಹಲ್ಲಿನ ಡಾಕ್ಟರು ಥಟ್ಟನೆ ಚಪ್ಪಾಳೆ ತಟ್ಟಿದರು. “ಕೇಳಿದ್ರಾ? ಆ ಪ್ರಜೆಗಳಲ್ಲಿ ನಾನೂ ಒಬ್ಬ ಅಂತಿದ್ದಾರೆ. ಎಂಥ ವಿನಯ.” ಹಾಲೆಲ್ಲ ಚಪ್ಪಾಳೆ ಹಬ್ಬಿತು.

“ಅಲ್ಲ, ನಿಜವಾಗಿ ನಾನೇ. ಹಿಂದಿನ ರೂಮಿನ ಚಕ್ರದಲ್ಲಿ.”

“ಕಾಲಚಕ್ರ,” ಎಂದು ಟೀಚರಮ್ಮ ಪಕ್ಕದವರಿಗೆ ವಿವರಿಸಿದರು.

“ಏಳು ನಿಮಿಷ ಹಿಡಿದೆ.”

“ರಾಜರ ಕೀರ್ತಿ ಏಳು ನಿಮಿಷದ್ದು ಅಂತ ಅರ್ಥ,” ಎಂದರು ಟೀಚರಮ್ಮ. ಪೋಸ್ಟ್ ಮಾಸ್ಟರು ತಮ್ಮ ಒಂದೂವರೆ ವರ್ಷದ ರಾಜನನ್ನು ನೆನೆದು ಕಣ್ಣೊರೆಸಿಕೊಂಡರು. ಚಪ್ಪಾಳೆ ಇನ್ನೂ ಜೋರಾಯಿತು. ಹುಟ್ಟಿದಂದಿನಿಂದ ತೂಕದವರು ಇಷ್ಟು ನಿಜ ಒಟ್ಟಿಗೆ ಹೇಳಿರಲಿಲ್ಲ, ಇಷ್ಟು ಮೆಚ್ಚುಗೆಯನ್ನೂ ಪಡೆದಿರಲಿಲ್ಲ.

ಚಪ್ಪಾಳೆ ತಟ್ಟದೇ ಇದ್ದವರು ಮಾವನವರೊಬ್ಬರೇ. ಅವರು ಎದ್ದರು. ಮೊದಲನೇ ಪೆಟ್ಟಿಗೆಯ ಹತ್ತಿರ ಹೋಗಿ, ನಾಣ್ಯ ತೆಗೆದು, ಕೋಟಿನ ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡರು. ನಲವತ್ತೈದು ವರ್ಷ ಐದು ನಿಮಿಷದಲ್ಲಿ ದೋಷ ಹೇಳಿದ ಮನುಷ್ಯನಿಗೆ ಇಂದು ಅರ್ಧ ನಿಮಿಷವೂ ಬೇಕಾಗಲಿಲ್ಲ.

“ಬಟ್ಟೆ ಚಕ್ರ,” ಎಂದರು. “ಕೆಂಪು ಪಾಲಿಶ್. ಗೆರೆ ಎಲ್ಲಾ ಒಂದೇ ಕಡೆ ಹೋಗಿದೆ. ಜನರ ಬೆರಳು ಹೀಗೆ ಲೆಕ್ಕಾಚಾರವಾಗಿ ಉಜ್ಜೋದಿಲ್ಲ.” ಕನ್ನಡಿ ತೆಗೆದು ವೇದಿಕೆಯ ಕಡೆ ನೋಡಿದರು. “ಇದು ನಮ್ಮ ರಾಜನಾ?”

“ಹೌದು ಮಾವ.”

“ಯಾಕೆ ಹೇಳಲಿಲ್ಲ?”

“ಹದಿನಾಲ್ಕು ವರ್ಷದಲ್ಲಿ ನೀವು ನಂಬಿ ನನ್ನ ಕೈಗೆ ಕೊಟ್ಟಿದ್ದು ಅದೊಂದೇ. ಅದನ್ನೂ ಹಾಳುಮಾಡಿದೆ ಅಂತ ಹೇಳೋಕೆ ಬಾಯೇ ಬರಲಿಲ್ಲ. ಮಾವ, ನನಗೆ ನಿಮ್ಮನ್ನ ಕಂಡ್ರೆ ಭಯ.”

ಮೈಕು ಆರಿಸಿರಲಿಲ್ಲವಾದ್ದರಿಂದ ಈ ಮಾತು ಹಾಲಿನಲ್ಲಷ್ಟೇ ಅಲ್ಲ, ಹೊರಗೆ ಸೈಕಲ್ ನಿಲ್ಲಿಸುವ ಜಾಗದವರೆಗೂ ಕೇಳಿಸಿತು. “ನಾನು ಆಗಲೇ ಅಂದುಕೊಂಡೆ,” ಎಂದರು ಟೀಚರಮ್ಮ. ಸಾಹೇಬರು ಬಗ್ಗಿ, “ಸರ್ಕಾರಿ ಚಕ್ರನಾ ಅದು?” ಎಂದು ಪಿಸುಗುಟ್ಟಿದರು. ಹಲ್ಲಿನ ಡಾಕ್ಟರು ಕೂತಲ್ಲೇ ಕುಸಿದು, “ಹಾಗಾದ್ರೆ ಏಳನೇ ಕಾಲಂ?” ಎಂದರು. ತೂಕದವರು ಮೈಕಿನ ಕಂಬ ಹಿಡಿದು ನಿಂತಿದ್ದರು.

ಮಾವನವರು ಸಾಹೇಬರ ಹತ್ತಿರ ಪೆನ್ನು ಕೇಳಿದರು. ಪೆಟ್ಟಿಗೆಯ ಮೇಲೆ ಬಗ್ಗಿ, ಮೊದಲನೇ ಕಾರ್ಡನ್ನು ತೆಗೆದು, ಎರಡು ಕಡೆ ಗೀಟು ಹಾಕಿ, ಗಡಿಯಾರದ ಒಳಗೆ ಬರೆಯುವಷ್ಟು ಸಣ್ಣ ಅಕ್ಷರದಲ್ಲಿ ಏನೋ ಬರೆದರು. ನಾಣ್ಯವನ್ನೂ ಕಾರ್ಡನ್ನೂ ಇದ್ದಲ್ಲೇ ಇಟ್ಟು, ಪೆನ್ನು ಹಿಂತಿರುಗಿಸಿ, ಟೀ ಕೊಡುತ್ತಿದ್ದ ಕಡೆ ನಡೆದರು. ಜನ ಪೆಟ್ಟಿಗೆಗೆ ಮುತ್ತಿಕೊಂಡರು. ಮುಂದಿನವರು ಓದಿ ನಕ್ಕರು, ಅವರ ಹಿಂದಿನವರು ಬಗ್ಗಿ ಓದಿ ಇನ್ನೂ ಜೋರಾಗಿ ನಕ್ಕರು. ತೂಕದವರು ವೇದಿಕೆ ಇಳಿದು, ಯಾರಾರದೋ ಭುಜಗಳ ನಡುವೆ ತೂರಿ, ಕಾರ್ಡಿನ ಮುಂದೆ ನಿಂತರು.

‘ಲೋಹ: ಬೆಳ್ಳಿ. ತೂಕ: ೩.೧೨ ಗ್ರಾಂ. ಕಾಲ: ಏಳು ನಿಮಿಷ. ಸವೆಸಿದವರು: ನನ್ನ ಅಳಿಯ.’

ಜನರೆಲ್ಲ ಏಳು ನಿಮಿಷಕ್ಕೆ ನಗುತ್ತಿದ್ದರು. ತೂಕದವರು ಕೊನೆಯ ಎರಡು ಪದಗಳ ಹತ್ತಿರ ನಿಂತುಬಿಟ್ಟಿದ್ದರು. ಯಾರಿಗೆ ಪರಿಚಯ ಮಾಡಿಕೊಡುವಾಗಲೂ ಮಾವನವರು ‘ನಮ್ಮ ಮಗಳ ಗಂಡ’ ಎನ್ನುತ್ತಿದ್ದರೇ ಹೊರತು ಈ ಮಾತು ಎಂದೂ ಅವರ ಬಾಯಲ್ಲಿ ಬಂದಿರಲಿಲ್ಲ. ಈಗ ಬರೆದುಕೊಟ್ಟಿದ್ದರು, ಅದೂ ಸಾಹೇಬರ ಪೆನ್ನಿನಲ್ಲಿ, ನಾಲ್ಕು ಜನರ ಎದುರು.

ಹೆಂಡತಿ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು. “ಜನ ಎಲ್ಲಾ ನಗ್ತಾ ಇದ್ದಾರೆ. ಕಾರ್ಡು ತೆಗೆದುಬಿಡ್ಲಾ?”

“ಬೇಡ ಬೇಡ,” ಎಂದರು ತೂಕದವರು. “ಎಲ್ಲರೂ ಓದಲಿ.”